ಇಥಿಯೋಪಿಯಾದ ಉಪವಾಸದೂಟ

ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟದ ವೀಗನ್ ಪ್ರವಾಸಿಗೆ ಹೊರದೇಶದಲ್ಲಿ ಊಟದ್ದೇ ಚಿಂತೆ. ಬ್ರೆಡ್ಡು, ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆಯಲ್ಲಿ ದಿನ ದೂಡುವವರೇ ಹೆಚ್ಚು. ಆದರೆ ಬುಧವಾರ ಇಲ್ಲವೇ ಶುಕ್ರವಾರ ಅಡಿಸ್ ಅಬಾಬದ ಒಂದು ಸಾಧಾರಣ ಹೋಟೆಲಿಗೆ ಹೋಗಿ ಕೂತರೆ ಎಲೆಯಗಲದ ರೊಟ್ಟಿಯ ಮೇಲೆ ಏಳೆಂಟು ಬಗೆಯ ಬೇಳೆ, ಸೊಪ್ಪು, ತರಕಾರಿ ಬಂದು ಬೀಳುತ್ತವೆ. ಅದರಲ್ಲಿ ಒಂದು ಹನಿ ಬೆಣ್ಣೆಯೂ ಇರುವುದಿಲ್ಲ.

ಇದು ಪ್ರವಾಸಿಗರಿಗಾಗಿ ಹುಟ್ಟಿದ ಅಡುಗೆಯಲ್ಲ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ವಾರದಲ್ಲಿ ಈ ಎರಡು ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಬಿಡುತ್ತಾರೆ. ಈಸ್ಟರಿಗೆ ಮುಂಚೆ 55 ದಿನ, ಕ್ರಿಸ್‌ಮಸ್ಸಿಗೆ ಮುಂಚೆ 43 ದಿನ, ಆಗಸ್ಟಿನಲ್ಲಿ ಸುಮಾರು ಎರಡು ವಾರ, ಹೀಗೆ ಸೇರಿಸುತ್ತ ಹೋದರೆ ಸಾಮಾನ್ಯ ಭಕ್ತರ ಲೆಕ್ಕವೇ ವರ್ಷಕ್ಕೆ ಸುಮಾರು 180 ದಿನವಾಗುತ್ತದೆ. ಪಾದ್ರಿಗಳದ್ದು ಇನ್ನೂ ಹೆಚ್ಚು. ನಿಷ್ಠೆಯಿಂದ ಆಚರಿಸುವವರು ಮಧ್ಯಾಹ್ನ ಕಳೆಯುವವರೆಗೆ ನೀರನ್ನೂ ಮುಟ್ಟದೆ ಒಪ್ಪತ್ತು ಇರುತ್ತಾರೆ. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ಕಾಲದಲ್ಲಿ ಅನೇಕ ಮಾಂಸದಂಗಡಿಗಳು ಬಾಗಿಲು ಹಾಕುತ್ತವೆ, ಬೇಕರಿಗಳಲ್ಲಿ ಹಾಲು ಮೊಟ್ಟೆಯಿಲ್ಲದ ಉಪವಾಸದ ಕೇಕು ಸಿಗುತ್ತದೆ.

ವರ್ಷದಲ್ಲಿ ಅರ್ಧ ಕಾಲ ತಿನ್ನಬೇಕಾದ ಊಟ ಸಪ್ಪೆಯಾಗಿದ್ದರೆ ಯಾರು ತಾನೇ ತಿಂದಾರು? ಹಾಗಾಗಿಯೇ ಅಲ್ಲಿನ ಹೆಂಗಸರು ತಲೆಮಾರುಗಳಿಂದ ಈ ಅಡುಗೆಯನ್ನು ಹದಗೊಳಿಸಿದ್ದಾರೆ. ಉಳಿದ ದಿನ ಸಾರಿಗೆ ರುಚಿ ಕೊಡುವುದು ಮಸಾಲೆ ಹಾಕಿ ಕಾಯಿಸಿದ ತುಪ್ಪ, ನಿತೆರ್ ಕಿಬೆ. ಅದಿಲ್ಲದ ದಿನ ಆ ಭಾರವೆಲ್ಲ ಈರುಳ್ಳಿಯದು. ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಮೊದಲು ಎಣ್ಣೆಯಿಲ್ಲದೆ ಬರೀ ಪಾತ್ರೆಯಲ್ಲಿ ಬಾಡಿಸಿ, ಅದು ಕರಗಿ ಮುದ್ದೆಯಾದ ಮೇಲೆ ಎಣ್ಣೆ, ಆಮೇಲೆ ಬೆರ್ಬೆರೆ. ಒಣಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಮೆಂತ್ಯ, ಅಜವಾನದಂಥವು ಸೇರಿದ ಕೆಂಪು ಪುಡಿ ಅದು. ಇದಕ್ಕೆ ಮಸೂರ ಬೇಳೆ ಬಿದ್ದರೆ ಮಿಸಿರ್ ವೊಟ್. ಅರಿಸಿನ ಹಾಕಿದ ಬಟಾಣಿ ಬೇಳೆ, ಗೊಮೆನ್ ಎಂಬ ಸೊಪ್ಪಿನ ಪಲ್ಯ, ಎಲೆಕೋಸು ಕ್ಯಾರೆಟ್ಟು ಆಲೂಗಡ್ಡೆ ಕೂಡಿಸಿದ ಪಲ್ಯ ಖಾರ ಕಡಿಮೆಯವು. ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದರೆ ಅದೇ ಬೆಯಾಯ್ನೆತು. ಅಡಿಯಲ್ಲಿ ಹಾಸಿದ ರೊಟ್ಟಿಯೇ ಇಂಜೆರಾ, ತೆಫ್ ಎಂಬ ಅತಿ ಸಣ್ಣ ಧಾನ್ಯದ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ ಹುಯ್ದದ್ದು.

ಮನಸ್ಸಿಗೆ ಹಿತ ಕೊಡುವ ಊಟ ಯಾವುದೆಂದು ಅಲ್ಲಿನವರನ್ನು ಕೇಳಿದರೆ ಬಹಳ ಮಂದಿ ಶಿರೊ ಎಂದಾರು. ಹುರಿದ ಕಡಲೆ ಅಥವಾ ಬಟಾಣಿಯನ್ನು ಮಸಾಲೆಯೊಂದಿಗೆ ಬೀಸಿದ ಹಿಟ್ಟು ಅದು. ನೀರಲ್ಲಿ ಕುದಿಸಿ ಗಟ್ಟಿ ಮಾಡಿದಾಗ ಉತ್ತರ ಕರ್ನಾಟಕದ ಜುಣಕಕ್ಕೆ ಬಹಳ ಹತ್ತಿರ. ಬಡವರ ಮನೆಯಲ್ಲೂ ದೊಡ್ಡ ಹೋಟೆಲಿನಲ್ಲೂ ಮಣ್ಣಿನ ಕುಡಿಕೆಯಲ್ಲಿ ಕುದಿಕುದಿಯುತ್ತಲೇ ಬರುತ್ತದೆ.

ಕನ್ನಡ ನಾಡಿಗೂ ಈ ಊಟಕ್ಕೂ ನಂಟು ಬಹಳ ಹಳೆಯದು. ಉಪವಾಸದಡುಗೆಗೆ ಬಳಸುವ ನೂಗ್ ಎಣ್ಣೆ ತೆಗೆಯುವುದು ನಮ್ಮ ಹುಚ್ಚೆಳ್ಳಿನಿಂದಲೇ. ಧಾರವಾಡದ ಕಡೆ ಗುರೆಳ್ಳು ಚಟ್ನಿಪುಡಿಯಾಗಿ ರೊಟ್ಟಿಯ ಮಗ್ಗುಲಲ್ಲಿ ಕೂರುವ ಆ ಕಾಳಿನ ತವರು ಇಥಿಯೋಪಿಯಾ. ಅದರ ಸಸ್ಯಶಾಸ್ತ್ರೀಯ ಹೆಸರಿನಲ್ಲೇ ಇಥಿಯೋಪಿಯಾದ ಹಳೆಯ ಹೆಸರು ಅಬಿಸೀನಿಯಾ ಇದೆ. ರಾಗಿಯೂ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದಲೇ ಸಾವಿರಾರು ವರ್ಷಗಳ ಹಿಂದೆ ಇತ್ತ ಬಂದದ್ದು.

ಹಬ್ಬದ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಜನವರಿ 7ರ ಗೆನ್ನಾ, ಅಂದರೆ ಅಲ್ಲಿನ ಕ್ರಿಸ್‌ಮಸ್, ಮತ್ತು ಈಸ್ಟರ್ ದಿನ ಉಪವಾಸ ಮುರಿಯುವುದೇ ಕೋಳಿ, ಮೊಟ್ಟೆ ಹಾಕಿದ ಡೋರೊ ವೊಟ್‌ನಿಂದ. ಈಸ್ಟರ್ ಕಳೆದು 50 ದಿನ ಬುಧವಾರ ಶುಕ್ರವಾರದ ನೇಮವೂ ಇರುವುದಿಲ್ಲ. ಆದ್ದರಿಂದ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಹೋಗುವುದೇ ಜಾಣತನ. ಹಬ್ಬದ ದಿನವೇ ಹೋದರೂ, ಹಬ್ಬಕ್ಕೆಂದು ಬಾಳೆಯಂಥ ಎಲೆಯಲ್ಲಿ ಸುತ್ತಿ ಸುಡುವ ದೊಡ್ಡ ಡಾಬೊ ಬ್ರೆಡ್ಡು, ಕಾಫಿಯ ಜತೆ ಕೊಡುವ ಹುರಿದ ಜವೆಗೋಧಿಯ ಕೋಲೊ ಸಿಕ್ಕೇ ಸಿಗುತ್ತವೆ. ಬಸ್ಸಿನ ದೂರ ಪ್ರಯಾಣಕ್ಕೆ ಕೋಲೊಗಿಂತ ಒಳ್ಳೆಯ ಬುತ್ತಿ ಇಲ್ಲ.

ಹೋಟೆಲಿನಲ್ಲಿ ‘ವೆಜಿಟೇರಿಯನ್’ ಎಂದರೆ ತುಪ್ಪ ಹಾಕಿದ ಶಿರೊ ಬಂದೀತು. ‘ತ್ಸೋಮ್’ ಎನ್ನಬೇಕು, ಉಪವಾಸ ಎಂದರ್ಥ. ಆ ಒಂದೇ ಮಾತಿಗೆ ಅಡುಗೆಯವರಿಗೆ ಎಲ್ಲವೂ ತಿಳಿಯುತ್ತದೆ. ಒಂದೇ ತಟ್ಟೆಯಲ್ಲಿ ಎಲ್ಲರೂ ಕೈಹಾಕುವ ಪದ್ಧತಿ ಇರುವುದರಿಂದ ಮಾಂಸ ತಿನ್ನುವವರ ಜತೆ ಕೂತಾಗ ಬೇರೆ ತಟ್ಟೆ ಕೇಳಿಕೊಳ್ಳಬೇಕು.

ಅಷ್ಟು ದೂರ ಹೋಗಲಾಗದವರು ಮನೆಯಲ್ಲೇ ಶಿರೊ ಮಾಡಿ ರುಚಿ ನೋಡಬಹುದು. ನಾಲ್ಕು ಈರುಳ್ಳಿ ಸಣ್ಣಗೆ ಹೆಚ್ಚಿ, ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಬಾಡಿಸಿ, ಆಮೇಲೆ ಎಣ್ಣೆ, ಶುಂಠಿ ಬೆಳ್ಳುಳ್ಳಿ, ಅಚ್ಚಖಾರದಪುಡಿ ಹಾಕಿ. ನೀರು ಹಾಕಿ, ಕುದಿ ಬಂದ ಮೇಲೆ ಹುರಿದ ಕಡಲೆಹಿಟ್ಟನ್ನು ಗಂಟಾಗದಂತೆ ಉದುರಿಸಿ, ಕಾಲು ಗಂಟೆ ಕುದಿಸಿ. ಇಂಜೆರಾ ಇಲ್ಲದಿದ್ದರೆ ಜೋಳದ ರೊಟ್ಟಿಯೇ ಸಾಕು.