ದುಬಾರಿ ನಗರದಲ್ಲಿ ಸಂಸಾರ: ಸಿಂಗಪುರದ ಉದಾಹರಣೆ

ಭಾರತದ ಜನಗಣತಿಯ ಲೆಕ್ಕದಲ್ಲಿ ಸಂಸಾರವೆಂದರೆ ಒಟ್ಟಿಗೆ ವಾಸಿಸುತ್ತ ಒಂದೇ ಅಡಿಗೆಮನೆಯ ಊಟವನ್ನು ಉಣ್ಣುವ ಜನರ ಗುಂಪು. ಇಲ್ಲಿ ರಕ್ತಸಂಬಂಧಕ್ಕಿಂತ ಒಲೆಯೇ ಪ್ರಮಾಣ. ಇಂಥ ಒಂದು ಸಂಸಾರವನ್ನು ಊಹಿಸೋಣ: ದಂಪತಿಗಳು, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವೃದ್ಧರಾದ ತಾಯಿ, ಮನೆಯನ್ನು ಕಾಯುವ ಒಂದು ನಾಯಿ. ಉದ್ಯೋಗದ ನಿಮಿತ್ತ ಈ ಸಂಸಾರವು ಬೆಂಗಳೂರನ್ನು ಬಿಟ್ಟು ಸಿಂಗಪುರದಲ್ಲಿ ನೆಲೆಸಬೇಕಾಗಿದೆ. ಹೊರಡುವವರು ಮೊದಲು ಕೇಳುವ ಪ್ರಶ್ನೆ, ಅಲ್ಲಿ ತಿಂಗಳಿಗೆ ಖರ್ಚು ಎಷ್ಟು ಎಂಬುದು. ಆದರೆ ಖರ್ಚಿನ ಪ್ರಶ್ನೆಗೂ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇನ್ನೊಂದುಂಟು: ಒಂದೇ ಒಲೆಯ ಈ ಜನರಲ್ಲಿ ಯಾರು ಯಾರನ್ನು ಆ ನಗರದ ಕಾನೂನು ಸಂಸಾರದವರೆಂದು ಎಣಿಸುತ್ತದೆ? ಇದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ನೆಲ ಮತ್ತು ಬೆಲೆ

1965ರ ಆಗಸ್ಟ್ 9ರಂದು ಮಲೇಷ್ಯದಿಂದ ಬೇರ್ಪಟ್ಟಾಗ ಸಿಂಗಪುರದ ವಿಸ್ತೀರ್ಣ ಸುಮಾರು 580 ಚದರ ಕಿಲೋಮೀಟರು. ಕಡಲನ್ನು ತುಂಬಿ ನೆಲ ಮಾಡಿಕೊಂಡುದರ ಫಲವಾಗಿ ಅದು ಈಗ 730 ಚದರ ಕಿಲೋಮೀಟರನ್ನು ಮೀರಿದೆ. ಜನಸಂಖ್ಯೆ 2024ರಲ್ಲಿ 60 ಲಕ್ಷವನ್ನು ದಾಟಿತು. ಬೆಂಗಳೂರು ಬೆಳೆದರೆ ಆನೇಕಲ್ಲು, ಹೊಸಕೋಟೆಗಳ ಕಡೆಗೆ ಹರಡಿಕೊಳ್ಳುತ್ತದೆ. ಸಿಂಗಪುರಕ್ಕಾದರೋ ಪಕ್ಕದ ತಾಲ್ಲೂಕು ಎಂಬುದೇ ಇಲ್ಲ. ಆದುದರಿಂದ ಅಲ್ಲಿನ ಸರ್ಕಾರವು ನೆಲದ ಹಂಚಿಕೆಯನ್ನು ಕೇವಲ ಪೇಟೆಗೆ ಬಿಡದೆ ತಾನೇ ಅಳೆದು ಕೊಡುವ ಪದ್ಧತಿಯನ್ನು ಅನುಸರಿಸಿದೆ.

ಈ ಪದ್ಧತಿಯ ಸ್ಪಷ್ಟ ನಿದರ್ಶನ ಮೋಟಾರುಕಾರು. 1990ರ ಮೇ ತಿಂಗಳಿನಿಂದ ಅಲ್ಲಿ ಕಾರನ್ನು ಕೊಳ್ಳುವ ಮೊದಲು ಅದನ್ನು ಇಟ್ಟುಕೊಳ್ಳುವ ಹಕ್ಕುಪತ್ರವನ್ನು ಕೊಳ್ಳಬೇಕು. ಹಕ್ಕುಪತ್ರಗಳ ಸಂಖ್ಯೆ ಮಿತವಾದುದು; ಅವು ಹರಾಜಿನಲ್ಲಿ ದೊರೆಯುತ್ತವೆ; ಅವಧಿ ಹತ್ತು ವರ್ಷ. 2023ರಲ್ಲಿ ಸಣ್ಣ ಕಾರಿನ ಹಕ್ಕುಪತ್ರದ ಬೆಲೆಯೇ ಒಂದು ಲಕ್ಷ ಸಿಂಗಪುರ ಡಾಲರನ್ನು ದಾಟಿತು. ಎಕಾನಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ ಎಂಬ ಸಂಸ್ಥೆಯು ಅದೇ ವರ್ಷ ಪ್ರಕಟಿಸಿದ ಜೀವನವೆಚ್ಚದ ಪಟ್ಟಿಯಲ್ಲಿ ಸಿಂಗಪುರವು ಜೂರಿಕ್ಕಿನೊಡನೆ ಮೊದಲನೆಯ ಸ್ಥಾನವನ್ನು ಹಂಚಿಕೊಂಡಿತು. ಇಂಥ ಪಟ್ಟಿಗಳನ್ನು ಓದುವಾಗ ಎಚ್ಚರ ಬೇಕು. ಕಾರು, ಮದ್ಯ, ತಂಬಾಕುಗಳ ಬೆಲೆ ಅಲ್ಲಿ ಸರ್ಕಾರದ ನೀತಿಯಿಂದಲೇ ಏರಿರುವುದು. 1987ರಲ್ಲಿ ಆರಂಭವಾದ ನಗರ ರೈಲಿನಲ್ಲಿ ಓಡಾಡಿ, ಬೀದಿ ಬದಿಯ ವ್ಯಾಪಾರಿಗಳನ್ನು ಒಂದೇ ಸೂರಿನಡಿ ಕೂರಿಸಿದ ಹಾಕರ್ ಸೆಂಟರಿನಲ್ಲಿ ಉಣ್ಣುವ ಸಂಸಾರಕ್ಕೆ ನಿತ್ಯದ ಖರ್ಚು ಪಟ್ಟಿ ಸೂಚಿಸುವಷ್ಟು ಭಾರವಾಗುವುದಿಲ್ಲ. ನಿಜವಾದ ಭಾರ ಬೀಳುವುದು ಮನೆಯಲ್ಲಿ.

2. ಮನೆ

1960ರಲ್ಲಿ ಸ್ಥಾಪಿತವಾದ ವಸತಿ ಮಂಡಳಿಯು ಕಟ್ಟಿದ ಬಹುಮಹಡಿಯ ಕಟ್ಟಡಗಳಲ್ಲಿ ಅಲ್ಲಿನ ಪ್ರಜೆಗಳು ಮತ್ತು ಖಾಯಂ ನಿವಾಸಿಗಳಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ಮಂದಿ ವಾಸವಾಗಿದ್ದಾರೆ. ಈ ಮನೆಗಳನ್ನು 99 ವರ್ಷಗಳ ಗುತ್ತಿಗೆಯ ಮೇಲೆ ಮಾರಲಾಗುತ್ತದೆ. ಉದ್ಯೋಗಕ್ಕಾಗಿ ಬಂದ ವಿದೇಶೀಯನು ಇವನ್ನು ಕೊಳ್ಳುವಂತಿಲ್ಲ, ಬಾಡಿಗೆಗೆ ಹಿಡಿಯಬಹುದು. ಅದಕ್ಕೂ ಮಿತಿಯುಂಟು. ಮಲೇಷ್ಯದವರಲ್ಲದ ವಿದೇಶೀಯರಿಗೆ ಇಡೀ ಮನೆಯನ್ನು ಬಾಡಿಗೆಗೆ ಕೊಡುವುದು ಒಂದು ಬಡಾವಣೆಯಲ್ಲಿ ನೂರಕ್ಕೆ 8, ಒಂದು ಕಟ್ಟಡದಲ್ಲಿ ನೂರಕ್ಕೆ 11ರ ಪ್ರಮಾಣವನ್ನು ಮೀರಬಾರದು. ಖಾಸಗಿ ಕಟ್ಟಡಗಳಿಗೆ ಈ ಮಿತಿ ಇಲ್ಲ. ಆದರೆ ಬಾಡಿಗೆ ಹೆಚ್ಚು. ಖಾಸಗಿ ಮನೆಯನ್ನು ಕೊಳ್ಳಬಯಸುವ ವಿದೇಶೀಯನು 2023ರ ಏಪ್ರಿಲ್ ತಿಂಗಳಿನಿಂದ ಬೆಲೆಯ ಮೇಲೆ ನೂರಕ್ಕೆ 60ರಷ್ಟು ಹೆಚ್ಚುವರಿ ಮುದ್ರಾಂಕ ಶುಲ್ಕವನ್ನು ತೆರಬೇಕಾಗಿದೆ. ಆದುದರಿಂದ ಹೊಸದಾಗಿ ಹೋಗುವ ಸಂಸಾರಕ್ಕೆ ಬಾಡಿಗೆಯ ಮನೆಯೇ ಗತಿ.

3. ಅನುಮತಿ ಪತ್ರದ ಕುಟುಂಬ

ಈಗ ಮುಖ್ಯ ವಿಷಯಕ್ಕೆ ಬರೋಣ. ವಿದೇಶದ ವೃತ್ತಿನಿರತನಿಗೆ ಸಿಂಗಪುರವು ಕೊಡುವುದು ಎಂಪ್ಲಾಯ್‌ಮೆಂಟ್ ಪಾಸ್ ಎಂಬ ಅನುಮತಿ ಪತ್ರ. 2025ರ ಜನವರಿಯಿಂದ ಹೊಸ ಅರ್ಜಿದಾರನ ಮಾಸಿಕ ವೇತನ ಕನಿಷ್ಠ 5,600 ಡಾಲರು ಇರಬೇಕೆಂದು ಗೊತ್ತುಮಾಡಲಾಯಿತು. ವಯಸ್ಸು ಹೆಚ್ಚಿದಂತೆ ಈ ಮೊತ್ತವೂ ಏರುತ್ತದೆ. ಆದರೆ ಇದು ಆ ಒಬ್ಬನಿಗೆ ಮಾತ್ರ ಸಂಬಂಧಿಸಿದ್ದು. ಪತ್ನಿಯನ್ನೂ 21 ವರ್ಷದೊಳಗಿನ ಅವಿವಾಹಿತ ಮಕ್ಕಳನ್ನೂ ಅವಲಂಬಿತರೆಂದು ಕರೆದೊಯ್ಯಲು ವೇತನವು 6,000 ಡಾಲರಾದರೂ ಇರಬೇಕು. ತಂದೆತಾಯಿಗಳನ್ನು ದೀರ್ಘಕಾಲ ಜೊತೆಯಲ್ಲಿ ಇರಿಸಿಕೊಳ್ಳಬೇಕಾದರೆ 12,000 ಡಾಲರು ಬೇಕು.

ಈ ಮೂರು ಅಂಕೆಗಳು ಕುಟುಂಬದ ಮೂರು ಸುತ್ತುಗಳನ್ನು ಎಳೆಯುತ್ತವೆ. ಮಗನ ಸಂಬಳ 7,000 ಡಾಲರಾದರೆ ಪತ್ನಿ ಮಕ್ಕಳು ಒಳಸುತ್ತಿಗೆ ಬರುತ್ತಾರೆ; ತಾಯಿ ಹೊರಗೆ ಉಳಿಯುತ್ತಾಳೆ. ಆಕೆ ಅಲ್ಪಾವಧಿಯ ಸಂದರ್ಶಕಳಾಗಿ ಹೋಗಿ ಬರಬಹುದೇ ಹೊರತು ಮನೆಯವಳಾಗಿ ಇರಲಾಗದು. ನಮ್ಮ ಜನಗಣತಿಯ ಒಲೆಯು ಒಂದೆಂದು ಎಣಿಸಿದುದನ್ನು ಅಲ್ಲಿನ ವೇತನದ ಮಟ್ಟವು ಎರಡಾಗಿ ಒಡೆಯುತ್ತದೆ. ಪತ್ನಿಯ ವಿಷಯದಲ್ಲಿಯೂ ಒಂದು ಮಾತು: ಅವಲಂಬಿತಳಾಗಿ ಬಂದವಳು ಇನ್ನೊಬ್ಬರ ಕೈಕೆಳಗೆ ದುಡಿಯಲು ಮೊದಲು ಒಪ್ಪಿಗೆ ಪತ್ರವೊಂದು ಸಾಕಾಗುತ್ತಿತ್ತು, 2021ರ ಮೇ ತಿಂಗಳಿನಿಂದ ಆಕೆಯೂ ತನ್ನದೇ ಆದ ಉದ್ಯೋಗ ಪತ್ರವನ್ನು ಪಡೆಯಬೇಕಾಗಿದೆ. ಬೆಂಗಳೂರಿನಲ್ಲಿ ಎರಡು ಸಂಬಳಗಳಿಂದ ನಡೆಯುತ್ತಿದ್ದ ಸಂಸಾರವು ಅಲ್ಲಿ ಕೆಲಕಾಲವಾದರೂ ಒಂದೇ ಸಂಬಳದಲ್ಲಿ ನಡೆಯಬೇಕಾಗಬಹುದು. ಬೆಲೆಯ ಪಟ್ಟಿಗಳಲ್ಲಿ ಈ ವೆಚ್ಚ ಕಾಣುವುದಿಲ್ಲ.

4. ಮಕ್ಕಳ ಶಾಲೆ ಮತ್ತು ನುಡಿ

ಸರ್ಕಾರಿ ಶಾಲೆಗಳಲ್ಲಿ ಪ್ರಜೆಗಳ ಹಾಗೂ ಖಾಯಂ ನಿವಾಸಿಗಳ ಮಕ್ಕಳಿಗೆ ಮೊದಲ ಅವಕಾಶ. ವಿದೇಶೀಯರ ಮಕ್ಕಳು ಉಳಿದ ಸ್ಥಾನಗಳಿಗೆ ಕಾಯಬೇಕು. ಮೇಲಿನ ತರಗತಿಗಳಿಗೆ ಪ್ರವೇಶ ಪರೀಕ್ಷೆಯುಂಟು, ಉತ್ತೀರ್ಣರಾದವರಿಗೂ ಸ್ಥಾನ ನಿಶ್ಚಿತವಲ್ಲ. ಖಾಸಗಿ ಅಂತರರಾಷ್ಟ್ರೀಯ ಶಾಲೆಗಳ ಶುಲ್ಕ ಅನೇಕ ಸಂಸಾರಗಳಲ್ಲಿ ಬಾಡಿಗೆಯ ನಂತರದ ದೊಡ್ಡ ಬಾಬತ್ತು.

ಕನ್ನಡಿಗರು ಗಮನಿಸಬೇಕಾದ ಇನ್ನೊಂದು ಅಂಶ ಇಲ್ಲಿದೆ. ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷಿನೊಡನೆ ಒಂದು ಮಾತೃಭಾಷೆಯನ್ನು ಕಲಿಯಬೇಕೆಂಬುದು ಸಾಮಾನ್ಯ ನಿಯಮ. ಭಾರತೀಯ ಮೂಲದವರಿಗೆ ಅಲ್ಲಿನ ರಾಜಭಾಷೆಗಳಲ್ಲಿ ಒಂದಾದ ತಮಿಳಿದೆ. ತಮಿಳರಲ್ಲದವರಿಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಿವೆ. ಕನ್ನಡವು ಈ ಪಟ್ಟಿಯಲ್ಲಿಲ್ಲ. ಹೀಗಾಗಿ ಕನ್ನಡದ ಮಗುವು ಬೇರೊಂದು ನುಡಿಯನ್ನು ಮಾತೃಭಾಷೆಯ ಸ್ಥಾನದಲ್ಲಿ ಕಲಿಯುತ್ತದೆ. ಮನೆಯ ಕನ್ನಡ ಉಳಿಯುವುದು ಮನೆಯಲ್ಲಿ ಅದನ್ನು ಆಡುವವರಿಂದ. ಆಡುವವರಲ್ಲಿ ಮುಖ್ಯಳಾದ ಅಜ್ಜಿಯು ಅನುಮತಿ ಪತ್ರದ ಹೊರಗೆ ಉಳಿದಿದ್ದಾಳೆ. ಎರಡು ಬೇರೆ ಬೇರೆ ಇಲಾಖೆಗಳ ನಿಯಮಗಳು ಒಂದು ಮನೆಯಲ್ಲಿ ಹೀಗೆ ಕೂಡಿಕೊಳ್ಳುತ್ತವೆ.

5. ಸಾಕುಪ್ರಾಣಿ

ನಾಯಿಯ ಪ್ರಯಾಣವು ಮನುಷ್ಯರ ಪ್ರಯಾಣಕ್ಕಿಂತ ದೀರ್ಘವಾದುದು. ಸಿಂಗಪುರವು 1953ರಿಂದ ಹುಚ್ಚುನಾಯಿ ರೋಗದಿಂದ, ಎಂದರೆ ರೇಬಿಸ್‌ನಿಂದ, ಮುಕ್ತವಾಗಿದೆ. ಭಾರತದಲ್ಲಿ ಈ ರೋಗ ಇನ್ನೂ ನೆಲೆಯೂರಿದೆ. ಆದುದರಿಂದ ಇಲ್ಲಿಂದ ಹೋಗುವ ನಾಯಿ ಅಥವಾ ಬೆಕ್ಕಿನ ಚರ್ಮದಡಿಯಲ್ಲಿ ಗುರುತಿನ ಮೈಕ್ರೋಚಿಪ್ ಇರಿಸಿ, ರೇಬಿಸ್ ಲಸಿಕೆ ಹಾಕಿಸಿ, ಕೆಲವು ವಾರ ಕಳೆದ ಮೇಲೆ ರಕ್ತವನ್ನು ಪರೀಕ್ಷಿಸಬೇಕು. ರಕ್ತದ ಒಂದು ಮಿಲಿಲೀಟರಿನಲ್ಲಿ ರೋಗನಿರೋಧಕ ಅಂಶವು 0.5 ಅಂತರರಾಷ್ಟ್ರೀಯ ಮಾನಕ್ಕೆ ಕಡಮೆಯಿರಬಾರದು. ಆಮದಿನ ಪರವಾನಗಿ, ಸರ್ಕಾರಿ ಪಶುವೈದ್ಯರ ಆರೋಗ್ಯ ಪತ್ರ ಇವೆಲ್ಲ ಬೇಕು. ತಲಪಿದ ಮೇಲೆ ಕನಿಷ್ಠ 30 ದಿನಗಳ ಕ್ವಾರಂಟೈನ್ ಇದೆ.

ರಕ್ತಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ರಾಣಿಯನ್ನು ಮತ್ತೆ ಪ್ರತ್ಯೇಕವಾಗಿ ಇರಿಸುವುದೇಕೆಂದು ಕೇಳಬಹುದು. ಲಸಿಕೆಯು ಫಲಿಸಿತೆಂಬುದನ್ನು ಮಾತ್ರ ಪರೀಕ್ಷೆಯು ತಿಳಿಸುತ್ತದೆ. ಲಸಿಕೆಗೆ ಮೊದಲೇ ಸೋಂಕು ತಗಲಿದ್ದರೆ ರೋಗವು ಹೊರಗೆ ಕಾಣಿಸಿಕೊಳ್ಳಲು ವಾರಗಳಿಂದ ತಿಂಗಳುಗಳವರೆಗೆ ಹಿಡಿಯಬಹುದು. ಕಾದು ನೋಡುವುದರ ಹೊರತು ಅದನ್ನು ಅರಿಯುವ ಉಪಾಯವಿಲ್ಲ. ನಿಯಮವು ಕಠಿಣವಾದರೂ ಅಕಾರಣವಾದುದಲ್ಲ.

ಅಷ್ಟಾದ ಮೇಲೂ ಮನೆಯ ಪ್ರಶ್ನೆ ಉಳಿಯುತ್ತದೆ. ವಸತಿ ಮಂಡಳಿಯ ಮನೆಯೊಂದರಲ್ಲಿ ಒಪ್ಪಿತ ಸಣ್ಣ ತಳಿಗಳ ಒಂದೇ ನಾಯಿಗೆ ಅವಕಾಶ. ಪಮೇರಿಯನ್ ಹೋಗಬಹುದು, ಲ್ಯಾಬ್ರಡಾರ್ ಹೋಗಲಾರದು, ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯೂ ಹೋಗಲಾರದು. ಬೆಕ್ಕಿಗೆ ಹಲವು ದಶಕಗಳ ಕಾಲ ಇದ್ದ ನಿಷೇಧವು 2024ರ ಸೆಪ್ಟೆಂಬರ್ 1ರಂದು ತೆರವಾಗಿ, ಪರವಾನಗಿಯೊಡನೆ ಎರಡು ಬೆಕ್ಕುಗಳಿಗೆ ಅನುಮತಿ ದೊರೆಯಿತು. ದೊಡ್ಡ ನಾಯಿಯಿರುವ ಸಂಸಾರವು ಹೆಚ್ಚು ಬಾಡಿಗೆಯ ಖಾಸಗಿ ಮನೆಯನ್ನೇ ಹುಡುಕಬೇಕು. ಅಲ್ಲಿಯೂ ಮನೆಯ ಒಡೆಯನ ಸಮ್ಮತಿ ಬೇಕು. ಎಂದರೆ ನಾಯಿಯ ನಿಜವಾದ ಖರ್ಚು ಅದರ ಆಹಾರದಲ್ಲಿಲ್ಲ, ಸಂಸಾರವೆಲ್ಲ ವಾಸಿಸುವ ಮನೆಯ ಬಾಡಿಗೆಯಲ್ಲಿ ಅಡಗಿದೆ.

6. ಉಪಸಂಹಾರ

ಮೇಲೆ ಹೇಳಿದುದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಹೊರಡುವವರು ಲೆಕ್ಕದ ಕ್ರಮವನ್ನು ತಿರುಗಿಸಬೇಕು. ಮೊದಲು ಯಾರಿಗೆ ಪ್ರವೇಶವೆಂಬುದನ್ನು ಗೊತ್ತುಮಾಡಿಕೊಂಡು, ನಾಯಿಯ ಲಸಿಕೆ ರಕ್ತಪರೀಕ್ಷೆಗಳನ್ನು ತಿಂಗಳುಗಳ ಮುಂಚೆಯೇ ಆರಂಭಿಸಿ, ಅದಕ್ಕೆ ತಕ್ಕ ಮನೆಯನ್ನೂ ಶಾಲೆಯನ್ನೂ ಹುಡುಕಿ, ಆಮೇಲೆ ಸಂಬಳ ಸಾಲುವುದೇ ಎಂದು ನೋಡುವುದು ಯುಕ್ತ. ಸಂಬಳವನ್ನು ಒಪ್ಪಿಕೊಂಡ ಮೇಲೆ ಈ ಪ್ರಶ್ನೆಗಳನ್ನು ಎತ್ತಿದರೆ, ಉತ್ತರವು ಸಾಮಾನ್ಯವಾಗಿ ಯಾರನ್ನಾದರೂ ಬಿಟ್ಟುಹೋಗುವುದೇ ಆಗಿರುತ್ತದೆ.

ಎರಡನೆಯದು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದು. ವಲಸೆಯ ಅಧ್ಯಯನದಲ್ಲಿ ಹೋದವರನ್ನು ಎಣಿಸುವುದು ವಾಡಿಕೆ. ಅವರ ವೇತನ, ಅವರು ಊರಿಗೆ ಕಳಿಸುವ ಹಣ ಇವು ಲೆಕ್ಕಕ್ಕೆ ಸಿಗುತ್ತವೆ. ಒಂದೇ ಒಲೆಯಿಂದ ಉಂಡು ಹಿಂದೆ ಉಳಿದವರು ಯಾವ ದೇಶದ ಪಟ್ಟಿಯಲ್ಲಿಯೂ ವಲಸೆಯ ಹೆಸರಿನಲ್ಲಿ ಬರುವುದಿಲ್ಲ. ಮನೆಮನೆಗೆ ಹೋಗಿ ವಿಚಾರಿಸುವ ನಮ್ಮ ವಿದ್ಯಾರ್ಥಿಗಳು ತಮ್ಮ ಪ್ರಶ್ನಾವಳಿಗೆ ಒಂದು ಪ್ರಶ್ನೆಯನ್ನು ಸೇರಿಸಿಕೊಳ್ಳಲಿ: ಈ ಮನೆಯಿಂದ ಹೋದವರೊಡನೆ ಹೋಗಲಾಗದೆ ಉಳಿದವರು ಯಾರು, ಅವರನ್ನು ತಡೆದ ನಿಯಮ ಯಾವುದು? ನಗರವು ದುಬಾರಿಯೆಂಬ ಮಾತಿನ ಪೂರ್ಣಾರ್ಥವು ಆ ಉತ್ತರದಲ್ಲಿ ದೊರೆಯುತ್ತದೆ.