ಕನಸು ಕಂಡು ಬಳಲಿದ ಬೆಳಗು

ಗಂಟೆ ಬಾರಿಸಿದೆ, ಪ್ರಶ್ನೆಪತ್ರಿಕೆ ಮುಂದಿದೆ, ಲೇಖನಿ ಮಾತ್ರ ಬರೆಯಲೊಲ್ಲದು. ಪರೀಕ್ಷೆಯ ದಿನಗಳಲ್ಲಿ ಇಂಥ ಕನಸು ಕಾಣದ ವಿದ್ಯಾರ್ಥಿ ವಿರಳ. ಬೆಚ್ಚಿ ಎದ್ದಾಗ, ಇರುಳೆಲ್ಲ ಮೂಟೆ ಹೊತ್ತವನಂತೆ ಮೈ ಸೋತಿರುತ್ತದೆ. ಹಾಳು ಕನಸು ನಿದ್ರೆಯನ್ನು ನುಂಗಿತೆಂದು ನಾವು ದೂರುತ್ತೇವೆ. ಕನಸು ನಿಜವಾಗಿಯೂ ಅಪರಾಧಿಯೆ?

ಈ ವಿಚಾರಣೆಗೆ ದಾರಿ ತೆರೆದದ್ದು ಕಣ್ಣು. ನಮ್ಮ ಕಣ್ಣು ಒಂದು ಪುಟ್ಟ ವಿದ್ಯುತ್ಕೋಶವಿದ್ದಂತೆ. ಅದರ ಮುಂಭಾಗವು ಹಿಂಭಾಗಕ್ಕಿಂತ ಹೆಚ್ಚಿನ ವಿಭವದಲ್ಲಿರುತ್ತದೆ. ಗುಡ್ಡೆ ಹೊರಳಿದರೆ ಅಕ್ಕಪಕ್ಕದ ಚರ್ಮದ ವಿಭವವೂ ಬದಲಾಗುತ್ತದೆ. ರೆಪ್ಪೆ ಮುಚ್ಚಿದ್ದರೂ ಇದಕ್ಕೆ ಅಡ್ಡಿಯಿಲ್ಲ. 1951ರ ಡಿಸೆಂಬರಿನ ಒಂದು ರಾತ್ರಿ, ಷಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿ ಯೂಜೀನ್ ಅಸೆರಿನ್‌ಸ್ಕಿ ತನ್ನ 8 ವರ್ಷದ ಮಗನ ಕಣ್ಣುಗಳ ಬಳಿ ವಿದ್ಯುದ್ವಾರಗಳನ್ನು ಅಂಟಿಸಿ ಮಲಗಿಸಿದನು. ಯಂತ್ರವೋ, ನೆಲಮಾಳಿಗೆಯಿಂದ ಎತ್ತಿ ತಂದ ಹಳೆಯ ಸಾಮಾನು. ಕೆಲ ಹೊತ್ತಿನ ಮೇಲೆ ಅದರ ಮುಳ್ಳುಗಳು ಕಾಗದದ ಮೇಲೆ ಒಮ್ಮೆಗೇ ಕುಣಿಯತೊಡಗಿದವು. ಹುಡುಗ ಎದ್ದಿರಬೇಕೆಂದು ತಂದೆ ಒಳಗೆ ಹೋಗಿ ನೋಡಿದರೆ ಅವನು ಗಾಢನಿದ್ರೆಯಲ್ಲಿದ್ದನು!

ತನ್ನ ಗುರು ನೆಥೇನಿಯಲ್ ಕ್ಲೈಟ್‌ಮನ್‌ರೊಡನೆ ಆತ 1953ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಕಣ್ಣು ಚಲಿಸುತ್ತಿದ್ದಾಗ 27 ಸಲ ಎಬ್ಬಿಸಿ ಕೇಳಿದರೆ 20 ಸಲ ಸವಿವರವಾದ ಕನಸು ದೊರೆಯಿತು, ಕಣ್ಣು ನಿಶ್ಚಲವಾಗಿದ್ದಾಗ 23 ಸಲ ಕೇಳಿದರೆ 19 ಸಲ ಏನೂ ನೆನಪಿರಲಿಲ್ಲ. ಕನಸಿಗೆ ಇದೊಂದೇ ಮನೆಯಲ್ಲವೆಂದು ಮುಂದೆ ತಿಳಿದುಬಂದಿತು. ಆದರೂ ಕಣ್ಣಿಗೆ ಕಟ್ಟಿದಂಥ ಕನಸುಗಳು ಹೆಚ್ಚಾಗಿ ವಾಸಿಸುವುದು ಇಲ್ಲಿಯೆ.

ಈ ಹೊತ್ತಿನಲ್ಲಿ ಮಿದುಳು ಎಚ್ಚರದಲ್ಲಿದ್ದಷ್ಟೇ ಚುರುಕು. ಆದರೆ ಕೈಕಾಲುಗಳ ಸ್ನಾಯುಗಳು ಸಡಿಲಗೊಂಡಿರುತ್ತವೆ. ಕನಸಿನಲ್ಲಿ ಹತ್ತು ಮೈಲಿ ಓಡಿದವನ ಕಾಲು ಹಾಸಿಗೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಓಟದಿಂದ ಆಯಾಸವಾಯಿತೆಂಬ ವಾದ ಇಲ್ಲಿಗೆ ಬಿದ್ದುಹೋಯಿತು. ಮಿದುಳು ದಣಿಯಿತೆನ್ನೋಣವೆ? ವಯಸ್ಕರ ನಿದ್ರೆಯಲ್ಲಿ ಸುಮಾರು ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದವರೆಗೆ ಪ್ರತಿ ರಾತ್ರಿಯೂ ಇದೇ ಸ್ಥಿತಿ. ಇದರಿಂದಲೇ ದಣಿವಾಗುವುದಾದರೆ ಲೋಕವೆಲ್ಲ ದಿನವೂ ಬಳಲಿ ಏಳಬೇಕಿತ್ತು.

ನಮ್ಮ ಊಹೆ ತಪ್ಪುವುದು ನೆನಪಿನ ವಿಷಯದಲ್ಲಿ. ಸಾಮಾನ್ಯವಾಗಿ ನಮಗೆ ನೆನಪುಳಿಯುವುದು, ನಡುವೆಯೋ ಮುಗಿದೊಡನೆಯೋ ಎಚ್ಚರವಾದ ಕನಸು ಮಾತ್ರ. ಮನಸ್ಸಿಗೆ ಚಿಂತೆ ಹತ್ತಿದಾಗ ನಿದ್ರೆ ತೆಳುವಾಗಿ, ಮತ್ತೆ ಮತ್ತೆ ಒಡೆಯುತ್ತದೆ. ಒಡೆದ ಕಡೆಯಲ್ಲೆಲ್ಲ ಒಂದೊಂದು ಕನಸು ಕೈಗೆ ಸಿಕ್ಕುತ್ತದೆ. ಬೆಳಗಿನ ಬಳಲಿಕೆಗೆ ಹೆಚ್ಚಿನ ಮಟ್ಟಿಗೆ ಕಾರಣ ಈ ಒಡಕು. ಕನಸು ಅದಕ್ಕೆ ಸಾಕ್ಷಿ. ತೀರ ಭಯಾನಕವಾದ ಕನಸು ತಾನೇ ನಿದ್ರೆಯನ್ನು ಮುರಿಯುವುದೂ ಉಂಟು. ವಾರಗಟ್ಟಲೆ ಹೀಗಾದರೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಇನ್ನು ಅಲಾರಂ ಗಡಿಯಾರ. ನಿದ್ರೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ; ಬೆಳಗು ಸಮೀಪಿಸಿದಂತೆ ಕನಸಿನ ಪಾಲು ಹಿಗ್ಗುತ್ತದೆ. ಹನ್ನೆರಡಕ್ಕೆ ಮಲಗಿ ನಾಲ್ಕಕ್ಕೆ ಅಲಾರಂ ಇಡುವವನು ಆ ಪಾಲಿನ ಬಹುಭಾಗವನ್ನು ಕತ್ತರಿಸಿಬಿಡುತ್ತಾನೆ. ಎದ್ದ ಮೇಲೂ ಅರ್ಧ ಗಂಟೆಯವರೆಗೆ ಬುದ್ಧಿಗೆ ಮಂಕು ಕವಿದಿರುವುದು ಅಪರೂಪವಲ್ಲ. ಬ್ರಾಹ್ಮೀ ಮುಹೂರ್ತದೊಡನೆ ನಮಗೆ ಜಗಳವಿಲ್ಲ. ಅದನ್ನು ಹೊಗಳಿದ ಹಿರಿಯರು ದೀಪ ಹಚ್ಚಿದ ಕೆಲ ಹೊತ್ತಿಗೇ ಮಲಗುತ್ತಿದ್ದರು.

ಅಸೆರಿನ್‌ಸ್ಕಿ ಕಂಡುದನ್ನು ನೋಡಲು ಯಂತ್ರವೇ ಬೇಕೆಂದಿಲ್ಲ. ಬೆಳಗಿನ ಜಾವ ಮಲಗಿರುವ ತಮ್ಮನ ಅಥವಾ ತಂಗಿಯ ರೆಪ್ಪೆಗಳನ್ನು ಗಮನಿಸಿರಿ. ಒಳಗೆ ಗುಡ್ಡೆಯ ಉಬ್ಬು ಅತ್ತಿಂದಿತ್ತ ಸರಿದಾಡುವುದು ಕಾಣಬಹುದು. ಮನೆಯಲ್ಲಿ ಹಸುಗೂಸಿದ್ದರೆ ಹೆಚ್ಚು ಕಾಯಬೇಕಾಗಿಲ್ಲ. ಅದರ ನಿದ್ರೆಯಲ್ಲಿ ಸುಮಾರು ಅರ್ಧ ಭಾಗ ಹೀಗೆಯೇ ಕಳೆಯುತ್ತದೆ. ನೋಡಿಯಾದ ಮೇಲೆ ಎಬ್ಬಿಸದೆ ಬನ್ನಿ.