ಕೆಂಪು ಕಣದ ಇನ್ನೊಂದು ಕೆಲಸ

ಪ್ರಶ್ನೆ: ಲೂಪಸ್ ಇರುವವರ ಕೆಂಪು ರಕ್ತಕಣಗಳಲ್ಲಿ ಯಾವುದೋ ‘ಗ್ರಾಹಕ’ ಕಡಿಮೆ ಇರುತ್ತದಂತೆ. ಅದು ಹುಟ್ಟಿನಿಂದಲೇ ಬಂದದ್ದೇ?

ಉತ್ತರ: ಕೆಂಪು ಕಣ ಆಮ್ಲಜನಕವನ್ನಷ್ಟೇ ಹೊರುವುದಿಲ್ಲ. ರೋಗಾಣುವಿಗೆ ಪ್ರತಿಕಾಯ ಅಂಟಿ, ಮೇಲೆ ಕಾಂಪ್ಲಿಮೆಂಟ್ ಎಂಬ ರಕ್ಷಕ ಪ್ರೋಟೀನು ಕೂತಾಗ ಆಗುವ ಗಂಟನ್ನೂ ಅದು ಹಿಡಿದು ಸಾಗಿಸುತ್ತದೆ. ಕಣಗಳಿಗೆ ಹೀಗೆ ಅಂಟುವುದನ್ನು ವಿಜ್ಞಾನಿ ರಾಬರ್ಟ್ ನೆಲ್ಸನ್ 1953ರಲ್ಲೇ ವಿವರಿಸಿದ್ದರು. ಹಿಡಿಯುವ ಕೊಕ್ಕೆಯೇ ಸಿಆರ್1 ಗ್ರಾಹಕ. ಯಕೃತ್ತು, ಗುಲ್ಮಗಳಲ್ಲಿನ ಭಕ್ಷಕ ಕೋಶಗಳು ಗಂಟನ್ನು ಕಿತ್ತುಕೊಂಡು, ಕಣವನ್ನು ಹಾಗೆಯೇ ಬಿಟ್ಟುಬಿಡುತ್ತವೆ. ಎಷ್ಟು ಅಚ್ಚುಕಟ್ಟಾದ ವ್ಯವಸ್ಥೆ!

ಲೂಪಸ್‌ನಲ್ಲಿ ದೇಹ ತನ್ನದೇ ಡಿಎನ್‌ಎ ಮೇಲೆ ಪ್ರತಿಕಾಯ ಹೂಡುವುದರಿಂದ ಗಂಟುಗಳು ವಿಪರೀತವಾಗುತ್ತವೆ. ಸಿಆರ್1 ಮಾತ್ರ ಕಡಿಮೆ. ಉಳಿದ ಗಂಟುಗಳು ಮೂತ್ರಪಿಂಡದಲ್ಲಿ ತಂಗಿ ಹಾನಿ ಮಾಡಬಲ್ಲವು.

ಸಿಆರ್1 ಕಡಿಮೆಯಿರುವುದು ವಂಶವಾಹಿಯ ಕೊರತೆ ಎಂದು 1980ರ ದಶಕದ ಆರಂಭದಲ್ಲಿ ಕೆಲವರು ವಾದಿಸಿದ್ದರು. ಆರೋಗ್ಯವಂತರಲ್ಲೂ ಸಿಆರ್1 ಪ್ರಮಾಣ ವಂಶವಾಹಿಗೆ ತಕ್ಕಂತೆ ಬಹಳ ಏರುಪೇರಾಗುವುದು ನಿಜ. ಆದರೆ ನನಗೆ ನಿರ್ಣಾಯಕವೆನಿಸುವುದು ರಕ್ತ ಮರುಪೂರಣದ ಸಾಕ್ಷ್ಯ: ದಾನಿಯ ಸಹಜ ಕಣಗಳೂ ರೋಗಿಯ ದೇಹ ಸೇರಿದ ಮೇಲೆ ಸಿಆರ್1 ಕಳೆದುಕೊಂಡವು. ಕೆಂಪು ಕಣಕ್ಕೆ ಕೋಶಕೇಂದ್ರವಿಲ್ಲ, ಹೊಸ ಗ್ರಾಹಕ ತಯಾರಿಸಿಕೊಳ್ಳಲಾರದು. ಹಾಗಾಗಿ ಈ ಕೊರತೆ ಬಹುಪಾಲು ರೋಗದ ಪರಿಣಾಮ. ರೋಗಪತ್ತೆಗೆ ವೈದ್ಯರು ಸಾಮಾನ್ಯವಾಗಿ ಇದನ್ನು ಅಳೆಯುವುದಿಲ್ಲ; ಪ್ರತಿಕಾಯ, ಸಿ3, ಸಿ4 ಎಂಬ ಕಾಂಪ್ಲಿಮೆಂಟ್ ಪ್ರೋಟೀನು ಮತ್ತು ಮೂತ್ರ ಪರೀಕ್ಷೆಗಳನ್ನು ನೋಡುತ್ತಾರೆ.